ಹೊರಗೆ ತುಕ್ಕು, ಒಳಗೆ ಹೊಳಪು: ರಸ್ಟ್ ಬ್ಲೂಯಿಂಗ್ ಮತ್ತು ನಳಿಗೆಯ ಒಳಮೈಯ ರಕ್ಷಣೆ

ಬಂದೂಕಿನ ನಳಿಗೆಗೆ ಕಪ್ಪುನೀಲಿ ಬಣ್ಣ ಕಟ್ಟುವ ಹಳೆಯ ವಿಧಾನಗಳಲ್ಲಿ ರಸ್ಟ್ ಬ್ಲೂಯಿಂಗ್ ಎಂಬುದು ತುಕ್ಕನ್ನು ತುಕ್ಕಿನಿಂದಲೇ ತಡೆಯುವ ಕ್ರಮವಾಗಿದ್ದು, ಇದರಲ್ಲಿ ಉಕ್ಕಿನ ಹೊರಮೈಯ ಮೇಲೆ ಆಮ್ಲಯುಕ್ತ ದ್ರಾವಣವನ್ನು ತೆಳುವಾಗಿ ಸವರಿ, ಬೇಕೆಂದೇ ನವಿರಾದ ತುಕ್ಕು ಏಳುವಂತೆ ಮಾಡಿ, ಆ ಕೆಂಪು ತುಕ್ಕನ್ನು ಕುದಿಯುವ ನೀರಿನಲ್ಲಿ ಕಪ್ಪು ಆಕ್ಸೈಡ್ ಆಗಿ ಮಾರ್ಪಡಿಸಿ, ಸಡಿಲವಾದ ಪುಡಿಯನ್ನು ಉಜ್ಜಿ ತೆಗೆದು, ಇದನ್ನೇ ಐದರಿಂದ ಹತ್ತು ಸಲ ಪುನರಾವರ್ತಿಸಲಾಗುತ್ತದೆ. ಹೊರಮೈಗೆ ಹೀಗೆ ಬಣ್ಣ ಏರುತ್ತಿರುವಾಗ ಅದೇ ನಳಿಗೆಯ ಒಳಮೈ, ಅಂದರೆ ತೋಟೆಯ ಚರೆಯೋ ಗುಂಡೋ ಸಾಗಿಹೋಗುವ ಬೋರ್, ಕನ್ನಡಿಯಂತೆ ನಯವಾಗಿಯೇ ಉಳಿಯಬೇಕು. ಆ ಒಳಮೈಯನ್ನು ತುಕ್ಕಿನಿಂದ ಕಾಯುವುದಕ್ಕೆ ಎಣ್ಣೆಗಿಂತ ಸುಲಭವಾದ ಉಪಾಯ ಬೇರೊಂದಿಲ್ಲ. ಆದರೆ ಎಣ್ಣೆಯ ಒಂದು ಹನಿ ಹೊರಗೆ ಸೋಕಿದರೂ ದ್ರಾವಣ ಅಲ್ಲಿ ಹಿಡಿಯದೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಒಳಗೆ ಬೇಕಾದುದು ಹೊರಗೆ ಬೇಡ, ಹೊರಗೆ ಬೇಕಾದುದು ಒಳಗೆ ಸಲ್ಲದು. ಇವೆರಡರ ನಡುವೆ ಇರುವ ಗಡಿಯಾದರೋ ನಳಿಗೆಯ ಬಾಯಿಯ ಅಂಚಿನ ಕೆಲವೇ ಮಿಲಿಮೀಟರುಗಳಷ್ಟು ಉಕ್ಕು ಮಾತ್ರ. ಕುಶಲಕರ್ಮಿಗಳು ಕಂಡುಕೊಂಡಿರುವ ಹಲವು ರಕ್ಷಣಾಕ್ರಮಗಳು ಈ ಗಡಿಯನ್ನು ಕಾಯುವ ಬೇರೆ ಬೇರೆ ಏರ್ಪಾಡುಗಳೇ ಆಗಿದ್ದು, ಅವುಗಳ ಗುಣದೋಷಗಳನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ಹಳೆಯ ಬಂದೂಕುಗಳು ಎಲ್ಲಿ ಉಳಿದಿವೆ ಎಂಬುದಕ್ಕೂ ರಾಜ್ಯದ ಇತಿಹಾಸಕ್ಕೂ ಹತ್ತಿರದ ನಂಟಿದೆ. ಕೃಷ್ಣಾ ಮತ್ತು ಘಟಪ್ರಭೆಯ ಸೀಮೆಯಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರ ನಿಃಶಸ್ತ್ರೀಕರಣ ಕಾಯಿದೆಗೆ ಮಣಿದು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಬಂಡೆದ್ದು ದಮನಕ್ಕೊಳಗಾದರೆ, ಕೊಡಗಿನಲ್ಲಿ ಅದಕ್ಕೆ ತದ್ವಿರುದ್ಧವಾಗಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆ ಬಗೆಯ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿ ಹಲವು ರೂಪಗಳಲ್ಲಿ ಮುಂದುವರಿದು, ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಅನ್ವಯಿಸುತ್ತಿದೆ; ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ವರೆಗೆ ವಿಸ್ತರಿಸಿತು ಮತ್ತು ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಮಲೆನಾಡು ಮತ್ತು ಕರಾವಳಿಯ ತೋಟಗಾರರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಹೀಗೆ ತಲೆಮಾರುಗಳಿಂದ ಬಂದ ಜೋಡುನಳಿಗೆಯ ತೋಟೆಕೋವಿಗಳು ಹೆಚ್ಚಾಗಿ ಉಳಿದಿರುವ ಸೀಮೆಗಳೇ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳೂ ಆಗಿರುವುದರಿಂದ, ನಳಿಗೆಯ ಬಣ್ಣ ಮಾಸುವುದೂ ತುಕ್ಕು ಹಿಡಿಯುವುದೂ ಅಲ್ಲಿನ ನಿತ್ಯದ ಸಮಸ್ಯೆಯಾಗಿದೆ.

ಕೊಡಗಿನಲ್ಲಿ ಗದ್ದೆ ನಾಟಿಯ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇರಿಸಿ, ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಂದು ಹೊರತೆಗೆದು, ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುವ ಪದ್ಧತಿಯಿದೆ. ಮುಂಗಾರಿನ ಅತ್ಯಂತ ತೇವದ ವಾರಗಳನ್ನು ಕೋವಿ ಮುಟ್ಟದೆ ಕಳೆಯುವ ಕಾರಣ, ಹಬ್ಬದ ದಿನದ ಶುಚಿಗೊಳಿಸುವಿಕೆ ವರ್ಷದ ತಪಾಸಣೆಯೂ ಆಗುತ್ತದೆ. ಇತ್ತ ಕಾಗವಾಡ, ಅಥಣಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಯ ಕಡೆ ಮಳೆ ಕಡಿಮೆ, ಬಂದೂಕುಗಳೂ ವಿರಳ. ಆದರೆ ಕೃಷ್ಣೆಯ ದಡದ ಜುಗೂಳದಂಥ ಊರುಗಳಿಗೆ 2019ರಂತಹ ಮಹಾಪೂರ ಬಂದಾಗ ಮನೆಯೊಳಗಿನ ಕಬ್ಬಿಣದ ಸಾಮಾನೆಲ್ಲ ರಾಡಿನೀರಿನಲ್ಲಿ ನಿಂತು, ಆ ಭಾಗದ ಜನ ಹೇಳುವಂತೆ ಜಂಗು ಹಿಡಿಯುವುದರಿಂದ, ನೀರಿನಿಂದ ಎತ್ತಿದ ಬಂದೂಕಿನ ಪುನರುದ್ಧಾರ ಎಂಬ ಪ್ರಶ್ನೆ ಇಲ್ಲಿಯೂ ಅಪರಿಚಿತವಲ್ಲ. ಒಣ ಸೀಮೆ ಮತ್ತು ತೇವದ ಸೀಮೆಗಳ ಈ ವ್ಯತ್ಯಾಸ ಬಣ್ಣ ಕಟ್ಟುವ ಕೆಲಸದ ಒಂದೊಂದು ಹಂತದಲ್ಲೂ ಕಾಣಿಸಿಕೊಳ್ಳುತ್ತದೆ.

ಜೋಡುನಳಿಗೆಗೆ ಈ ವಿಧಾನವೇ ಏಕೆ

ಇಂದಿನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವುದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದರಲ್ಲಿ ಭಾಗಗಳನ್ನು ಮುಳುಗಿಸುವ ಬಿಸಿ ವಿಧಾನವಾಗಿದ್ದು, ಅದು ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಆದರೆ ಹಳೆಯ ಜೋಡುನಳಿಗೆಯ ಕೋವಿಗಳಲ್ಲಿ ಎರಡು ನಳಿಗೆಗಳನ್ನೂ ಅವುಗಳ ನಡುವಿನ ಉದ್ದನೆಯ ಪಟ್ಟಿಗಳಾದ ರಿಬ್‌ಗಳನ್ನೂ ತವರ-ಸೀಸದ ಮೆತು ಬೆಸುಗೆಯಿಂದ ಕೂಡಿಸಿರುತ್ತಾರೆ. ಬಿಸಿ ಕಾಸ್ಟಿಕ್ ದ್ರಾವಣ ಆ ಬೆಸುಗೆಯನ್ನು ತಿಂದುಹಾಕುವುದಲ್ಲದೆ, ರಿಬ್‌ನ ಅಡಿಯ ಪೊಳ್ಳಿಗೆ ನುಸುಳಿ, ತೊಳೆದರೂ ಹೋಗದೆ ಉಳಿದು, ತಿಂಗಳುಗಳ ಮೇಲೆ ಒಳಗಿನಿಂದ ತುಕ್ಕಾಗಿ ಒಸರುತ್ತದೆ. ರಸ್ಟ್ ಬ್ಲೂಯಿಂಗ್‌ನಲ್ಲಿ ನೀರಿನ ಕುದಿಬಿಂದುವನ್ನು ಮೀರಿದ ಶಾಖ ಎಲ್ಲಿಯೂ ಬೇಕಾಗದ ಕಾರಣ ಸುಮಾರು 183 ಡಿಗ್ರಿಯಲ್ಲಿ ಕರಗಲು ತೊಡಗುವ ಬೆಸುಗೆಗೆ ಅಪಾಯವಿಲ್ಲ. ಬಣ್ಣದ ಲೇಪ ತೆಳುವಾಗಿಯೂ ಗಟ್ಟಿಯಾಗಿಯೂ ಇದ್ದು, ಹೊಳಪಿಗಿಂತ ಆಳದ ಕಪ್ಪನ್ನು ಕೊಡುತ್ತದೆ. ಡಬ್ಲ್ಯು. ಡಬ್ಲ್ಯು. ಗ್ರೀನರ್ 1881ರಲ್ಲಿ ಪ್ರಕಟಿಸಿದ ಬಂದೂಕಿನ ವಿಕಾಸವನ್ನು ಕುರಿತ ಗ್ರಂಥ ಮತ್ತು ಆರ್. ಎಚ್. ಆಂಜಿಯರ್ 1936ರಲ್ಲಿ ಹೊರತಂದ, ನಳಿಗೆಗಳ ಬಣ್ಣವನ್ನೇ ಕುರಿತ ಪುಸ್ತಕ ಈ ಕಸುಬಿನ ಪ್ರಸಿದ್ಧ ಬರಹಗಳಲ್ಲಿ ಸೇರಿವೆ.

ರಸಾಯನದ ದೃಷ್ಟಿಯಿಂದ ನೋಡಿದರೆ ಮೊದಲ ಹಂತದಲ್ಲಿ ಏಳುವುದು ನೀರಿನಂಶವನ್ನು ಹಿಡಿದಿಟ್ಟುಕೊಂಡ, ಕೆಂಪುಕಂದು ಬಣ್ಣದ ಕಬ್ಬಿಣದ ಆಕ್ಸೈಡ್. ಅದು ಸರಂಧ್ರವಾದುದರಿಂದ ಮತ್ತಷ್ಟು ತೇವವನ್ನು ಎಳೆದುಕೊಂಡು ಕೆಳಗಿನ ಉಕ್ಕನ್ನು ತಿನ್ನುತ್ತಾ ಹೋಗುತ್ತದೆ. ಕುದಿಯುವ ನೀರಿನಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಇಟ್ಟಾಗ ಅದು ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಇದು ಉಕ್ಕಿಗೆ ಅಂಟಿಕೊಂಡು ನಿಲ್ಲುವ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುವ ಪದರ. ಸಮುದ್ರಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದರೂ ಈ ಪರಿವರ್ತನೆಗೆ ಅಡ್ಡಿಯಾಗದು. ದ್ರಾವಣದಲ್ಲಿ ಸಾಮಾನ್ಯವಾಗಿ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳೂ ಅವುಗಳಲ್ಲಿ ಕರಗಿದ ಕಬ್ಬಿಣವೂ ಇದ್ದು, ಹಳೆಯ ಸೂತ್ರಗಳಲ್ಲಿ ಘೋರ ವಿಷವಾದ ಪಾದರಸದ ಕ್ಲೋರೈಡ್ ಕೂಡ ಸೇರಿರುತ್ತಿತ್ತು. ಕ್ಲೋರೈಡ್ ಲವಣಗಳು ಉಕ್ಕಿನ ಸಣ್ಣ ಕುಳಿಗಳಲ್ಲಿ ಉಳಿದುಕೊಂಡರೆ ಮರಳಿ ಮರಳಿ ತುಕ್ಕು ಎಬ್ಬಿಸುವ ಸ್ವಭಾವದವಾದ್ದರಿಂದ, ಒಳಮೈಗೆ ಬರುವ ಮುಖ್ಯ ಕುತ್ತು ನೀರಿಗಿಂತಲೂ ಹೆಚ್ಚಾಗಿ ಆ ನೀರು ಹೊತ್ತು ತರುವ ಲವಣದ್ದು.

ಮೂರು ಹಂತ, ಮೂರು ಬಗೆಯ ಅಪಾಯ

ಒಳಮೈಯ ರಕ್ಷಣೆಯನ್ನು ಕುರಿತ ಭಿನ್ನಾಭಿಪ್ರಾಯಗಳಲ್ಲಿ ಬಹುಪಾಲು, ಇಡೀ ಕೆಲಸವನ್ನು ಒಂದೇ ಅಪಾಯವೆಂದು ಭಾವಿಸಿ ಅದಕ್ಕೆ ಒಂದೇ ಮದ್ದು ಹುಡುಕುವುದರಿಂದ ಹುಟ್ಟಿದವು. ವಾಸ್ತವದಲ್ಲಿ ದ್ರಾವಣ ಸವರುವಾಗ, ತೇವದ ಪೆಟ್ಟಿಗೆಯಲ್ಲಿ ತುಕ್ಕು ಏಳಿಸುವಾಗ ಮತ್ತು ಕುದಿಸುವಾಗ ನಳಿಗೆಯ ಒಳಗೆ ನಡೆಯುವುದು ಬೇರೆ ಬೇರೆ ಕ್ರಿಯೆಗಳು. ಸವರುವ ಹಂತದ ಅಪಾಯವೆಂದರೆ ದ್ರಾವಣ ಬಾಯಿಯ ಅಂಚನ್ನು ದಾಟಿ ಒಳಕ್ಕೆ ಹರಿಯುವುದು; ಹತ್ತಿಯ ಬಟ್ಟೆಯನ್ನು ದ್ರಾವಣದಲ್ಲಿ ಅದ್ದಿ, ಬಹುತೇಕ ಒಣಗಿದಂತಾಗುವಷ್ಟು ಹಿಂಡಿ, ಒಂದೇ ದಿಕ್ಕಿನಲ್ಲಿ ಉದ್ದಕ್ಕೆ ಎಳೆಯುವ ಪಳಗಿದ ಕೈಗೆ ಈ ಅಪಾಯ ಅತ್ಯಲ್ಪ. ತೊಟ್ಟಿಕ್ಕುವಷ್ಟು ಸವರಿದರೆ ಹೊರಗಿನ ಬಣ್ಣವೂ ತಾಮ್ರದ ಮಚ್ಚೆಯಂತೆ ಕೆಡುವುದರಿಂದ, ಈ ಹಂತದಲ್ಲಿ ಒಳಗಿನ ಹಿತವೂ ಹೊರಗಿನ ಹಿತವೂ ಒಂದೇ ಆಗಿವೆ.

ಎರಡನೆಯ ಹಂತವೇ ನಿಜವಾಗಿ ಹೆಚ್ಚು ಅಪಾಯದ್ದು. ದ್ರಾವಣ ಸವರಿದ ನಳಿಗೆಯನ್ನು ಮೂರು ಗಂಟೆಯಿಂದ ಒಂದು ರಾತ್ರಿಯವರೆಗೆ ತೇವದ ಗಾಳಿಯಲ್ಲಿ ಇಡಬೇಕಾಗುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಮನೆಯ ಕೋಣೆಯೇ ಇದಕ್ಕೆ ಸಾಕಾದರೆ, ಅಥಣಿ-ಕಾಗವಾಡದ ಏಪ್ರಿಲ್ ಬಿಸಿಲಿನಲ್ಲಿ ನೀರಿನ ತಟ್ಟೆಯೂ ಸಣ್ಣ ಬಲ್ಬೂ ಇರುವ ಮುಚ್ಚಿದ ಮರದ ಪೆಟ್ಟಿಗೆ ಬೇಕಾಗುತ್ತದೆ. ಬೆಚ್ಚನೆಯ ತೇವದ ಪೆಟ್ಟಿಗೆಗೆ ತಣ್ಣನೆಯ ನಳಿಗೆಯನ್ನು ಇಟ್ಟಾಗ ಅದರ ಒಳಗೋಡೆಯ ಮೇಲೆಯೂ ಕಣ್ಣಿಗೆ ಕಾಣದಷ್ಟು ನೀರು ಸಾಂದ್ರೀಕರಿಸುತ್ತದೆ. ಹೊರಮೈಯಿಂದ ಏಳುವ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಆ ನೀರಿನಲ್ಲಿ ಕರಗಿದರೆ, ದ್ರಾವಣವನ್ನೇ ಮುಟ್ಟದ ಒಳಮೈಯಲ್ಲಿಯೂ ತುಕ್ಕು ಕಾಣಿಸಿಕೊಳ್ಳುತ್ತದೆ. ಹೊರಗೆ ಇದನ್ನು ಗಂಟೆಗೊಮ್ಮೆ ನೋಡಬಹುದು, ಒಳಗೆ ಏನಾಗುತ್ತಿದೆ ಎಂಬುದು ಮರುದಿನ ದೀಪ ಹಿಡಿದು ನೋಡುವವರೆಗೂ ತಿಳಿಯದು.

ಮೂರನೆಯ ಹಂತವಾದ ಕುದಿಸುವಿಕೆ ನೋಡುವುದಕ್ಕೆ ಭಯ ಹುಟ್ಟಿಸಿದರೂ ಒಳಮೈಗೆ ಅಷ್ಟು ಹಾನಿಕರವಲ್ಲ. ಶುದ್ಧ ನೀರು ಕುದಿಯುವಾಗ ಅದರಲ್ಲಿ ಕರಗಿದ ಆಮ್ಲಜನಕ ಬಹುಪಾಲು ಹೊರಹೋಗಿರುವುದರಿಂದ ಹೊಸ ಕೆಂಪು ತುಕ್ಕು ಏಳುವುದು ಕಡಿಮೆ; ಹಿಂದಿನ ಹಂತದಲ್ಲಿ ಒಳಗೆ ಸ್ವಲ್ಪ ತುಕ್ಕು ಎದ್ದಿದ್ದರೆ ಅದೂ ಹೊರಗಿನದರಂತೆಯೇ ಕಪ್ಪಾಗಿ ಮಾರ್ಪಟ್ಟು, ಕಂಚಿನ ಬ್ರಷ್‌ಗೆ ಸುಲಭವಾಗಿ ಬಿಟ್ಟುಬರುತ್ತದೆ. ಹಾನಿಯಾಗುವುದು ತೊಟ್ಟಿಯಿಂದ ಎತ್ತಿದ ಮೇಲೆ, ಒಳಗೆ ನಿಂತ ನೀರು ಆರುತ್ತಾ ಗಾಳಿಯ ಆಮ್ಲಜನಕವನ್ನು ಹೀರುವಾಗ.

ಬಳಕೆಯಲ್ಲಿರುವ ಕ್ರಮಗಳು

ಒಳಮೈಯನ್ನು ಕಾಯುವ ಕ್ರಮಗಳಲ್ಲಿ ಮೊದಲನೆಯದು, ನಳಿಗೆಯ ಎರಡೂ ತುದಿಗೆ ಬಿರಡೆ ಹಾಕಿ ಬಿಗಿಯಾಗಿ ಮುಚ್ಚುವುದು. ಸವರುವಾಗ ಮತ್ತು ತೇವದ ಪೆಟ್ಟಿಗೆಯಲ್ಲಿ ಇದು ಬಹಳ ಒಳ್ಳೆಯ ಏರ್ಪಾಡು. ಬಿರಡೆಯನ್ನು ಉದ್ದವಾಗಿ ಮಾಡಿಕೊಂಡರೆ ಅದೇ ಹಿಡಿಕೆಯೂ ಆಗಿ, ಎಣ್ಣೆಯ ಕೈ ನಳಿಗೆಗೆ ಸೋಕದಂತೆ ತಿರುಗಿಸಲು ಅನುಕೂಲವಾಗುತ್ತದೆ. ಮರದ ಬಿರಡೆಯಾದರೆ ಮರದ ಆಯ್ಕೆ ಮುಖ್ಯ, ಏಕೆಂದರೆ ಬಯಲುಸೀಮೆಯಲ್ಲಿ ಕೈಗೆ ಸುಲಭವಾಗಿ ಸಿಗುವ ಜಾಲಿಯಲ್ಲಿ ಒಗರು, ಅಂದರೆ ಟ್ಯಾನಿನ್, ಹೇರಳವಾಗಿದ್ದು, ಅದು ಬಿಸಿನೀರಿನಲ್ಲಿ ಬಿಟ್ಟುಕೊಂಡು ಉಕ್ಕಿನ ಮೇಲೆ ಶಾಯಿಯಂಥ ಕಪ್ಪು ಕಲೆ ಮಾಡುತ್ತದೆ. ಪ್ರಯೋಗಶಾಲೆಗಳಲ್ಲಿ ಬಳಸುವ, ಮೊನೆಯತ್ತ ಕಿರಿದಾಗುವ ಸಿಲಿಕೋನ್ ಬಿರಡೆಗಳಲ್ಲಿ ಈ ತೊಂದರೆಯೂ ಇಲ್ಲ, ಕುದಿಯುವ ಶಾಖಕ್ಕೆ ಮೆತ್ತಗಾಗುವ ಭಯವೂ ಇಲ್ಲ.

ಆದರೆ ಮುಚ್ಚಿದ ನಳಿಗೆಯನ್ನು ಹಾಗೆಯೇ ಕುದಿನೀರಿಗೆ ಇಳಿಸಿದಾಗ ಭೌತವಿಜ್ಞಾನದ ಸರಳ ನಿಯಮವೊಂದು ಎದುರಾಗುತ್ತದೆ. ಕೋಣೆಯ 27 ಡಿಗ್ರಿಯಿಂದ 100 ಡಿಗ್ರಿಗೆ ಏರಿದಾಗ ಒಳಗಿನ ಗಾಳಿಯ ಒತ್ತಡ ಸುಮಾರು ಕಾಲು ಭಾಗದಷ್ಟು ಹೆಚ್ಚುತ್ತದೆ; 12 ಬೋರ್ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್ ಆದ್ದರಿಂದ ಬಿರಡೆಯನ್ನು ಹೊರತಳ್ಳುವ ಬಲ ಮುಕ್ಕಾಲು ಕಿಲೋದೊಳಗೇ ಇರುತ್ತದೆ, ಅದನ್ನು ಬಿಗಿಯಾದ ಬಿರಡೆ ತಡೆಯಬಲ್ಲುದು. ಒಳಗೆ ನೀರಿನ ಪಸೆ ಉಳಿದಿದ್ದರೆ ಮಾತ್ರ ಹಬೆಯ ಒತ್ತಡವೂ ಸೇರಿ ಆ ಬಲ ಮೂರೂವರೆ ಕಿಲೋದ ಹತ್ತಿರಕ್ಕೆ ಏರುವುದರಿಂದ, ಬಿರಡೆ ಸಿಡಿದು ಕುದಿನೀರು ಮೈಮೇಲೆ ಚೆಲ್ಲುವ ಸಂಭವವಿದೆ. ಬಿರಡೆ ಸಿಡಿಯದೆ ಕೇವಲ ಒಂದಿಷ್ಟು ಗಾಳಿ ಅಂಚಿನಿಂದ ನುಸುಳಿ ಹೊರಹೋದರೆ ಪರಿಣಾಮ ಇನ್ನೂ ಕುಟಿಲವಾದುದು: ನಳಿಗೆ ತಣಿಯುವಾಗ ಒಳಗೆ ಒತ್ತಡ ಕುಸಿದು, ಹೊರಮೈಯ ಲವಣ ಬೆರೆತ ನೀರನ್ನು ಅದೇ ಸಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ, ಹಾಗೆ ಒಳಬಂದ ನೀರಿಗೆ ಆರಿಹೋಗಲು ದಾರಿಯಿರುವುದಿಲ್ಲ. ಕಾಯಲೆಂದು ಹಾಕಿದ ಬಿರಡೆಯೇ ಹೀಗೆ ತೇವವನ್ನು ಕೂಡಿಹಾಕುವುದು ಈ ಕ್ರಮದ ಬಹುದೊಡ್ಡ ದೋಷ.

ಎರಡನೆಯ ಕ್ರಮದಲ್ಲಿ ಒಳಮೈಗೆ ವಾರ್ನಿಷ್ ಅಥವಾ ಅರಗಿನ ಲೇಪ ಕೊಟ್ಟು, ಒಣಗಿಸಿ, ಕೆಲಸ ಮುಗಿದ ಮೇಲೆ ತೆಗೆಯಲಾಗುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಸುಲಭವಾಗಿ ಹಚ್ಚಿ ಸುಲಭವಾಗಿ ತೆಗೆಯಬಹುದಾದ ಲೇಪವೇನೋ ಹೌದು, ಆದರೆ ಕುದಿಯುವ ನೀರಿನಲ್ಲಿ ಬೆಳ್ಳಗಾಗಿ ಮೆತ್ತಗಾಗುತ್ತದೆ. ಎಣ್ಣೆ ಮೂಲದ ವಾರ್ನಿಷ್ ಅದಕ್ಕಿಂತ ಹೆಚ್ಚು ಕಾಲ ತಾಳುತ್ತದೆ. ಲೇಪದಲ್ಲಿ ಸೂಜಿಮೊನೆಯಷ್ಟು ರಂಧ್ರ ಉಳಿದರೂ ನೀರು ಅಲ್ಲಿಂದ ಅಡಿಗೆ ಸೇರಿ, ಲೇಪದ ಮರೆಯಲ್ಲಿಯೇ ಚುಕ್ಕೆಚುಕ್ಕೆಯಾಗಿ ತಿನ್ನುವುದರಿಂದ, ಸುತ್ತುಗಳು ನಡೆಯುತ್ತಿರುವಾಗ ಒಳಮೈಯ ಸ್ಥಿತಿಯನ್ನು ಪರೀಕ್ಷಿಸಲು ಆಗುವುದಿಲ್ಲ. ಒಳಮೈ ಹೊಸದರಂತೆ ಹೊಳೆಯುತ್ತಿರುವ, ಕುಳಿಗಳಿಲ್ಲದ ನಳಿಗೆಗೆ ಎರಡು ತೆಳು ಲೇಪ ಕೊಟ್ಟರೆ ಇದು ಒಪ್ಪತಕ್ಕ ಕ್ರಮ. ಆಗಲೇ ಕುಳಿ ಬಿದ್ದ ಹಳೆಯ ನಳಿಗೆಗೆ ಅಷ್ಟು ತಕ್ಕುದಲ್ಲ.

ಗ್ರೀಸ್, ಮೇಣ, ದಪ್ಪ ಎಣ್ಣೆಗಳನ್ನು ತುಂಬುವ ಮೂರನೆಯ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಪ್ಯಾರಾಫಿನ್ ಮೇಣ 50-60 ಡಿಗ್ರಿಯ ಸುಮಾರಿಗೇ ಕರಗಿ ತೊಟ್ಟಿಯ ನೀರಿನ ಮೇಲೆ ತೇಲುತ್ತದೆ, ಗ್ರೀಸ್ ಕೂಡ ಬಹುಬೇಗ ಅದೇ ದಾರಿ ಹಿಡಿಯುತ್ತದೆ. ನಳಿಗೆಯನ್ನು ಎತ್ತುವಾಗ ತೇಲುತ್ತಿರುವ ಆ ಪೊರೆಯನ್ನು ದಾಟಿಯೇ ಎತ್ತಬೇಕಾಗುವುದರಿಂದ ಹೊರಮೈಯ ಉದ್ದಕ್ಕೂ ಅದು ಮೆತ್ತಿಕೊಂಡು, ಮುಂದಿನ ಸುತ್ತಿನ ದ್ರಾವಣ ಹಿಡಿಯುವುದೇ ಇಲ್ಲ.

ನಾಲ್ಕನೆಯದು ಒಳಮೈಯನ್ನು ತೆರೆದೇ ಇಟ್ಟು ಕುದಿಸುವ ಕ್ರಮ. ಇದರಲ್ಲಿ ನೀರು ನಳಿಗೆಯ ಮೂಲಕ ಸರಾಗವಾಗಿ ಹರಿಯುತ್ತದೆ, ಎರಡೂ ಮೈ ಒಂದೇ ಹದಕ್ಕೆ ಕಾಯುತ್ತವೆ, ತೊಟ್ಟಿಯಿಂದ ಎತ್ತಿ ನೆಟ್ಟಗೆ ನಿಲ್ಲಿಸಿದ ನಳಿಗೆ ತನ್ನ ಕಾವಿನಿಂದಲೇ ಒಂದೆರಡು ನಿಮಿಷದಲ್ಲಿ ಒಳಗೂ ಹೊರಗೂ ಆರುತ್ತದೆ. ಬಿಸಿ ಇಳಿಯುವ ಮೊದಲೇ ಗಜಕ್ಕೆ ಒಣಬಟ್ಟೆ ಸುತ್ತಿ ಒಮ್ಮೆ ಎಳೆದರೆ ತೋಟೆ ಕೂರುವ ಹಿಂಬದಿಯ ಚೇಂಬರಿನ ಅಂಚಿನಲ್ಲಿ ನಿಂತ ಹನಿಯೂ ಹೋಗುತ್ತದೆ. ಇದರ ಅನನುಕೂಲವೆಂದರೆ ಒಳಮೈಗೂ ತೆಳ್ಳನೆಯ ಬೂದು ಛಾಯೆ ಬರುವುದು. ಕೊನೆಯಲ್ಲಿ ಎಣ್ಣೆ ಹಚ್ಚಿದ ನವಿರಾದ ಉಕ್ಕಿನ ಉಣ್ಣೆಯಿಂದ ತಿಕ್ಕಿದರೆ ಅದು ಹೋಗುತ್ತದೆ. ತೊಟ್ಟಿಯ ನೀರು ಭಟ್ಟಿ ಇಳಿಸಿದ್ದೋ ಶುಚಿಯಾಗಿ ಹಿಡಿದ ಮಳೆನೀರೋ ಆಗಿರಬೇಕು. ಬಯಲುಸೀಮೆಯ ಕೊಳವೆ ಬಾವಿಯ ಗಡಸು ನೀರು ಎರಡೂ ಮೈಗೆ ಸುಣ್ಣದ ಕಲೆ ಬಿಡುತ್ತದೆ. ಒಳಮೈಗೆ ಕ್ರೋಮ್ ಲೇಪವಿರುವ ನಳಿಗೆಗಳಿಗೆ ಈ ಕ್ರಮವೇ ಸಾಕು, ಏಕೆಂದರೆ ಕ್ರೋಮ್ ಮೇಲೆ ತುಕ್ಕು ಏಳುವುದಿಲ್ಲ. ಆದರೂ ಲೇಪ ನಿಲ್ಲುವ ಬಾಯಿಯಂಚನ್ನು ಮಾತ್ರ ನೋಡಿಕೊಳ್ಳಬೇಕಾಗುತ್ತದೆ.

ಕ್ರಮಗಳ ಸಮನ್ವಯ

ಈ ನಾಲ್ಕನ್ನೂ ಮೂರು ಹಂತಗಳ ಎದುರಿಗಿಟ್ಟು ತೂಗಿದಾಗ, ಒಳಮೈಯನ್ನು ಕೆಡಿಸುವುದು ನೀರಿನ ಪ್ರವೇಶವಲ್ಲ, ಅದು ಅಲ್ಲಿಯೇ ನಿಲ್ಲುವುದು ಎಂಬ ಅಂಶ ಸ್ಪಷ್ಟವಾಗುತ್ತದೆ. ಆದ್ದರಿಂದ ಸವರುವಾಗಲೂ ತೇವದ ಪೆಟ್ಟಿಗೆಯಲ್ಲೂ ಪೂರ್ತಿ ಒಣಗಿದ ಒಳಮೈಗೆ ಬಿರಡೆ ಹಾಕಿ ಹಬೆಯನ್ನು ತಡೆಯುವುದು, ಕುದಿಸುವ ಮೊದಲು ಬಿರಡೆಗಳನ್ನು ತೆಗೆದು ನೀರಿಗೆ ಹೋಗಿಬರುವ ದಾರಿ ಬಿಡುವುದು, ಎತ್ತಿದ ಕೂಡಲೇ ಕಾವಿನಲ್ಲಿಯೇ ಆರಿಸಿ ಒಳಗೆ ದೀಪ ಹಿಡಿದು ನೋಡುವುದು, ಹಾಗೂ ಎಣ್ಣೆಯನ್ನು ಕೊನೆಯ ಸುತ್ತು ಮುಗಿಯುವವರೆಗೆ ಒಳಗಾಗಲಿ ಹೊರಗಾಗಲಿ ತರದಿರುವುದು, ಈ ಮಿಶ್ರಕ್ರಮವೇ ಸಾಮಾನ್ಯ ಕೋವಿಗೆ ಹೆಚ್ಚು ಸುರಕ್ಷಿತವೆಂದು ಹೇಳಬಹುದು. ಎಲ್ಲವೂ ಮುಗಿದ ಮೇಲೆ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ಉಳಿದ ಆಮ್ಲವನ್ನು ಶಮನಗೊಳಿಸಿ, ಶುದ್ಧ ನೀರಿನಲ್ಲಿ ಮತ್ತೊಮ್ಮೆ ಕುದಿಸಿ, ಬಿಸಿಯಿರುವಾಗಲೇ ಎರಡೂ ಮೈಗೆ ಧಾರಾಳವಾಗಿ ಎಣ್ಣೆ ಕೊಡಬೇಕು.

ಜೋಡುನಳಿಗೆಯಲ್ಲಿ ಎರಡು ಬೋರ್‌ಗಳಲ್ಲದೆ ರಿಬ್‌ನ ಅಡಿಯ ಪೊಳ್ಳು ಎಂಬ ಮೂರನೆಯ ಒಳಮೈಯೂ ಇದೆ. ಕುದಿಯುವಾಗ ರಿಬ್‌ನ ಅಂಚಿನಿಂದ ಒಂದೇ ಕಡೆ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ ಅಲ್ಲಿ ಬೆಸುಗೆ ಬಿಟ್ಟಿದೆಯೆಂದೇ ಅರ್ಥವಾಗಿದ್ದು, ಬಣ್ಣ ಮುಂದುವರಿಸುವ ಮೊದಲು ಬೆಸುಗೆಯನ್ನು ಸರಿಪಡಿಸದಿದ್ದರೆ ಆ ಪೊಳ್ಳಿನಲ್ಲಿ ಸೇರಿದ ನೀರು ನಳಿಗೆಯ ಗೋಡೆಯನ್ನು ಕಾಣದ ಕಡೆಯಿಂದ ತಿನ್ನುತ್ತದೆ. 12 ಬೋರ್ ತೋಟೆ ಹಾರಿದಾಗ ಚೇಂಬರಿನಲ್ಲಿ ಏಳುವ ಒತ್ತಡ ವಾತಾವರಣದ ಒತ್ತಡದ ನೂರಾರು ಪಟ್ಟು ಇರುವುದರಿಂದ ಹಾಗೆ ತೆಳುವಾದ ಗೋಡೆ ಜೀವಾಪಾಯಕ್ಕೆ ಕಾರಣವಾಗಬಲ್ಲುದು. ಇದೇ ಕಾರಣಕ್ಕೆ, ಒಳಗೆ ಮರೆತುಹೋದ ಬಿರಡೆಯ ಚೂರಾಗಲಿ ಗಟ್ಟಿಯಾಗಿ ಉಳಿದ ವಾರ್ನಿಷಿನ ಉಂಡೆಯಾಗಲಿ ಬಣ್ಣದ ದೋಷವಷ್ಟೇ ಅಲ್ಲ, ನಳಿಗೆ ಸಿಡಿಯಲು ಸಾಕಾಗುವ ಅಡಚಣೆ. ಎಷ್ಟು ಬಿರಡೆ ಹಾಕಲಾಯಿತೋ ಅಷ್ಟನ್ನೂ ಎಣಿಸಿ ತೆಗೆದು, ಹಿಂಬದಿಯಿಂದ ಬಾಯಿಯವರೆಗೆ ಬೆಳಕು ಕಾಣುವುದನ್ನು ಖಚಿತಪಡಿಸಿಕೊಳ್ಳದೆ ಕೋವಿಯನ್ನು ಮರಳಿ ಜೋಡಿಸಬಾರದು.

ಯಾರು ಮಾಡಬೇಕು, ಯಾವುದಕ್ಕೆ ಮಾಡಬಾರದು

1959ರ ಆಯುಧ ಕಾಯಿದೆಯ 5ನೇ ಕಲಮು ಬಂದೂಕುಗಳ ತಯಾರಿಕೆ ಮತ್ತು ಮಾರಾಟಗಳ ಜೊತೆಗೆ ಅವುಗಳ ದುರಸ್ತಿಗೂ ಪರವಾನಗಿ ಬೇಕೆಂದು ವಿಧಿಸುತ್ತದೆ. ಕೊಡಗಿನ ವಿನಾಯಿತಿ ಬಂದೂಕು ಹೊಂದುವುದಕ್ಕೆ ಸಂಬಂಧಿಸಿದ್ದೇ ಹೊರತು ದುರಸ್ತಿಯ ಕಸುಬಿಗೆ ಸಂಬಂಧಿಸಿದ್ದಲ್ಲ. ಹೀಗಾಗಿ ಮಾಲೀಕನ ಪಾಲಿನ ಕೆಲಸವೆಂದರೆ ಒಳಮೈಯನ್ನು ಒರೆಸಿ ಎಣ್ಣೆ ಹಾಕಿಡುವುದು; ಬಣ್ಣ ಕಟ್ಟುವುದು ಪರವಾನಗಿ ಪಡೆದ ಕುಶಲಕರ್ಮಿಯ ಕೆಲಸ. ಚುನಾವಣೆ ಘೋಷಣೆಯಾದಾಗ ಪರವಾನಗಿ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ಪದ್ಧತಿಯಿದ್ದು, ವಾರಗಟ್ಟಲೆ ಅಲ್ಲಿಯೇ ಉಳಿಯುವ ನಳಿಗೆಗೆ ಒಪ್ಪಿಸುವ ಮೊದಲು ದಪ್ಪ ಎಣ್ಣೆ ಕೊಡುವುದು ಮುಂದೆ ದುಬಾರಿ ಕೆಲಸವನ್ನು ತಪ್ಪಿಸುತ್ತದೆ. ಪೂರದ ನೀರಿನಲ್ಲಿ ನಿಂತ ಬಂದೂಕಿಗೆ ಮೊದಲು ಬೇಕಾದುದು ತೊಳೆದು, ಆರಿಸಿ, ಒಳಮೈಯ ಕುಳಿಗಳ ಆಳವನ್ನೂ ಗೋಡೆಯ ದಪ್ಪವನ್ನೂ ಅಳೆಸುವುದು. ಬಣ್ಣದ ಮಾತು ಅದರ ನಂತರದ್ದು, ಏಕೆಂದರೆ ಹೊಸ ಬಣ್ಣ ದುರ್ಬಲ ನಳಿಗೆಗೆ ಗಟ್ಟಿತನದ ಸುಳ್ಳು ರೂಪವನ್ನು ಕೊಡುತ್ತದೆ. ಕೊಲ್ಹಾಪುರದ ಹೊಸ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಕಾಣುವಂಥ ಚಾರಿತ್ರಿಕ ಆಯುಧಗಳಿಗೆ ಹೊಸ ಬಣ್ಣ ಕಟ್ಟಲೇಬಾರದು. ಅವುಗಳ ಮೂಲ ಮೇಲ್ಮೈಯೇ ಸಾಕ್ಷ್ಯವಾದುದರಿಂದ ಅಲ್ಲಿ ತುಕ್ಕನ್ನು ತಡೆಹಿಡಿಯುವುದಷ್ಟೇ ಸಂರಕ್ಷಕನ ಕೆಲಸ.

ರಸ್ಟ್ ಬ್ಲೂಯಿಂಗ್ ಮುಗಿದ ಕೋವಿಯನ್ನು ಮರಳಿ ಪಡೆಯುವವರು ಹೊರಬಣ್ಣವನ್ನು ನೋಡಿಯೇ ಕೂಲಿ ಕೊಡುವುದು ರೂಢಿ. ಆದರೆ ಕುಳಿಗಳಲ್ಲಿ ಉಳಿದ ಕ್ಲೋರೈಡ್ ತನ್ನನ್ನು ತೋರಿಸಿಕೊಳ್ಳಲು ಕೆಲವು ದಿನಗಳನ್ನು ತೆಗೆದುಕೊಳ್ಳುವುದರಿಂದ, ಕೆಲಸ ಮುಗಿದ ಮರುದಿನ ಒಮ್ಮೆ, ಒಂದು ವಾರದ ಮೇಲೆ ಒಮ್ಮೆ, ಮುಂದಿನ ಮಳೆಗಾಲದ ನಡುವೆ ಇನ್ನೊಮ್ಮೆ ಒಳಮೈಗೆ ಬಿಳಿಬಟ್ಟೆ ಎಳೆದು ನೋಡಿ, ಬಟ್ಟೆಯ ಮೇಲೆ ಕೆಂಪು ಕಂಡರೆ ನಳಿಗೆಯನ್ನು ಮತ್ತೆ ಶುದ್ಧ ನೀರಿನಲ್ಲಿ ಕುದಿಸಿ ಲವಣ ಬಿಡಿಸಿ ಎಣ್ಣೆ ಹಾಕಿಸುವ ಹೊಣೆಯನ್ನು ಕುಶಲಕರ್ಮಿಯೂ ಮಾಲೀಕನೂ ಒಪ್ಪಂದದ ಭಾಗವಾಗಿಯೇ ಹಂಚಿಕೊಳ್ಳುವುದು ಸೂಕ್ತ.